ಗ್ರಂಥಸೂಚಿ ಟಿಪ್ಪಣಿ: ಮೊದಲ ಸಾಲು ಸಾರಾಂಶಕ್ಕಲ್ಲ

ಟಿಪ್ಪಣಿ ಸಹಿತ ಗ್ರಂಥಸೂಚಿ (ಪ್ರತಿ ಪುಸ್ತಕ, ಲೇಖನದ ಹೆಸರಿನ ಕೆಳಗೆ ಚಿಕ್ಕ ಟಿಪ್ಪಣಿ ಇರುವ ಪಟ್ಟಿ) ಬರೆಯುವಾಗ ಪ್ರತಿ ಟಿಪ್ಪಣಿಯ ಮೊದಲ ವಾಕ್ಯದಲ್ಲೇ, ಆ ಲೇಖಕರಿಗೆ ಮಾಹಿತಿ ಎಲ್ಲಿಂದ ಬಂತು ಅಂತ ಬರೀರಿ, ಸಾರಾಂಶ ಆಮೇಲೆ. ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ಹೋದರೆ ವಿಜಯಪುರದ (ಹಿಂದಿನ ಬಿಜಾಪುರ) ಬಗ್ಗೆ ಸಿಕ್ಕ ಐದು ಲೇಖನಗಳೂ ಬ್ರಿಟಿಷ್ ಸರ್ಕಾರದ ಜಿಲ್ಲಾ ಮಾಹಿತಿ ಗ್ರಂಥವಾದ 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ಗೇ ಬಂದು ನಿಲ್ಲಬಹುದು. ಆಗ ಅವು ಐದು ಸಾಕ್ಷಿ ಅಲ್ಲ, ಒಂದೇ. ಅಂಕಿ ಇದ್ದರೆ ಅದು ಯಾವುದರ ಅಳತೆ ಅಂತಲೂ ಪಕ್ಕದಲ್ಲಿ ಹಾಕಿ. ಗೋಳಗುಮ್ಮಟದ ವ್ಯಾಸ ಒಂದರಲ್ಲಿ 144 ಅಡಿ, ಇನ್ನೊಂದರಲ್ಲಿ ಸುಮಾರು 124 ಅಡಿ ಅಂತಿದ್ದರೆ ಯಾರದೂ ತಪ್ಪಿಲ್ಲ: ಮೊದಲನೆಯದು ಹೊರಗಿನದು, ಎರಡನೆಯದು ಒಳಗಿನದು. ಜನಸಂಖ್ಯೆಯಲ್ಲಿ ಎಡವೋದು ಇನ್ನೂ ಸುಲಭ. 1991ರ ಜನಗಣತಿಯ ಬಿಜಾಪುರ ಜಿಲ್ಲೆಯಲ್ಲಿ ಬಾಗಲಕೋಟೆ, ಬಾದಾಮಿ, ಜಮಖಂಡಿ ಎಲ್ಲ ಸೇರಿವೆ (ಜಿಲ್ಲೆ ಒಡೆದದ್ದು 1997ರಲ್ಲಿ). 1884ರ ಜಿಲ್ಲೆಯಲ್ಲಿ ಜಮಖಂಡಿ ಇಲ್ಲ, ಆಗ ಅದು ಸಂಸ್ಥಾನ. ಹೆಸರು ಒಂದೇ ಅಂತ ಇವನ್ನು ಒಂದೇ ಕೋಷ್ಟಕಕ್ಕೆ ಹಾಕಿದರೆ ಲೆಕ್ಕ ಕೆಟ್ಟಂಗೇ. ಅಡಿಟಿಪ್ಪಣಿಯೇ ಇಲ್ಲದ ಸ್ಮರಣ ಸಂಚಿಕೆಗಳಲ್ಲಿ ಈ ಉಪಾಯ ನಡೆಯಲ್ಲ, ಅಲ್ಲಿ ‘ಆಧಾರ ಕೊಟ್ಟಿಲ್ಲ’ ಅಂತ ನೇರ ಬರೆದುಬಿಡಿ. ಗೀಗೀ ಪದ, ಲಾವಣಿಯಂಥ ಮೌಖಿಕ ಆಕರಕ್ಕೂ ಇದು ಹೊಂದಲ್ಲ. ಯಾರು, ಯಾವ ಊರಲ್ಲಿ, ಯಾವ ಸಂದರ್ಭದಲ್ಲಿ ಹಾಡಿದರು ಅನ್ನೋದನ್ನೇ ಮೊದಲ ಸಾಲಿಗೆ ತರಬೇಕು.