ಹೈಬ್ರಿಡ್ ಬಿಟ್ಟು ಎಸ್‌ಎಸ್‌ಡಿ ಹಾಕಿದೆ: ಕಲಬುರಗಿಯ ಆಲ್ಬಂ ಅಂಗಡಿಯಿಂದ ನನ್ನ ಅನುಭವ

2019ರ ದೀಪಾವಳಿಗೆ ಮುಂಚೆ ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹೊಸ ಡೆಸ್ಕ್‌ಟಾಪ್‌ಗೆ ಕೊಟೇಶನ್ ಬರೆಸುತ್ತಾ ಕೂತಿದ್ದೆ. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್ ತನಕ ಯಾರದೂ ತಕರಾರಿಲ್ಲ. ಡಿಸ್ಕ್ ವಿಷಯ ಬಂದ ಕೂಡಲೇ ಅಂಗಡಿಯವರು, ಅಲ್ಲೇ ಚಹಾ ಕುಡಿಯುತ್ತಿದ್ದ ಮದುವೆ ಆಲ್ಬಂ ಮಾಡುವ ನಮ್ಮ ಕಸುಬಿನ ಇಬ್ಬರು, ಎಲ್ಲರದೂ ಒಂದೇ ಮಾತು: “2 ಟಿಬಿ ಹೈಬ್ರಿಡ್ ಹಾಕಿಸ್ರಿ. ಎಸ್‌ಎಸ್‌ಡಿ ನಮ್ಮ ಬಿಸಲಿಗೆ ತಡೆಯಂಗಿಲ್ಲ. ಮದುವಿ ಫೋಟೋ ತುಂಬಿ ತುಂಬಿ ಒಂದು ವರ್ಷದಾಗ ಸತ್ತು ಹೋಗ್ತದ.”

ಹೈಬ್ರಿಡ್ ಅಂದರೆ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಸ್ವಲ್ಪ ಫ್ಲ್ಯಾಶ್ ಚಿಪ್ ಸೇರಿಸಿದ್ದು, ಎಸ್‌ಎಸ್‌ಡಿ ಅಂದರೆ ತಿರುಗುವುದೇನೂ ಇಲ್ಲದ ಬರೀ ಚಿಪ್‌ನ ಡಿಸ್ಕು. ನಾನು ಹೈಬ್ರಿಡ್ ಹಾಕಿಸಲಿಲ್ಲ. 500 ಜಿಬಿಯ, ಬೋರ್ಡಿಗೇ ನೇರ ಕೂರುವ ವೇಗದ ಒಂದು ಎನ್‌ವಿಎಂಇ ಎಸ್‌ಎಸ್‌ಡಿ, ಜೊತೆಗೆ ಸಾದಾ 2 ಟಿಬಿ ಹಾರ್ಡ್ ಡಿಸ್ಕ್ ತಗೊಂಡೆ. ನಾಲ್ಕೂವರೆ ವರ್ಷ ದಾಟಿತು. ಅದೇ ಎಸ್‌ಎಸ್‌ಡಿ ಅದೇ ಡಬ್ಬದಲ್ಲಿ ದಿನಕ್ಕೆ ಹತ್ತು ತಾಸು ಓಡುತ್ತಿದೆ. ಅವತ್ತು ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬರು ಹೋದ ತಿಂಗಳು ನನ್ನ ಹತ್ತಿರ ಬಂದು ಇದೇ ಜೋಡಣೆ ಮಾಡಿಸಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಹೈಬ್ರಿಡ್ ನೋಡದೇ ಬೈದೆ ಅಂದುಕೊಳ್ಳಬೇಡಿ. ಗೆಳೆಯನ ಹತ್ತಿರ 1 ಟಿಬಿಯದೊಂದು ಇತ್ತು. ಮೂರು ವಾರ ಎರವಲು ತಂದು ಹಳೇ ಮಷೀನ್‌ಗೆ ಹಾಕಿ ಕೆಲಸ ಮಾಡಿದೆ. ಮೊದಲ ದಿನ ಸಾದಾ ಡಿಸ್ಕ್‌ನಷ್ಟೇ ನಿಧಾನ. ಮೂರನೇ ದಿನಕ್ಕೆ ವಿಂಡೋಸ್ ಏಳುವ ಹೊತ್ತು ಒಂದೂ ಮುಕ್ಕಾಲು ನಿಮಿಷದಿಂದ 35-40 ಸೆಕೆಂಡಿಗೆ ಇಳಿಯಿತು. ಫೋಟೋಶಾಪ್ ತೆರೆಯುವುದೂ ಚುರುಕಾಯಿತು. ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದರೆ ಒಂದು ಮದುವೆಯ ಫೋಟೋ ತುಂಬಿದ ಮೇಲೆ ಆ ಖುಷಿ ಉಳಿಯಲಿಲ್ಲ.

ಲೆಕ್ಕ ನೋಡಿ. ಎರಡು ದಿನದ ಮದುವೆ, ಎರಡು ಕ್ಯಾಮೆರಾ, ಸುಮಾರು 4,000 ರಾ ಫೈಲು (ಕ್ಯಾಮೆರಾದ ಮೂಲ ಫೋಟೋ). ಒಂದೊಂದು 28 ಎಂಬಿ ಹಿಡಿದರೂ 110 ಜಿಬಿ ದಾಟುತ್ತದೆ. ಹೈಬ್ರಿಡ್‌ನೊಳಗಿನ ಫ್ಲ್ಯಾಶ್ ಎಷ್ಟು? 8 ಜಿಬಿ. ಅದು ಮತ್ತೆ ಮತ್ತೆ ಓದಿದ್ದನ್ನು ಗುರುತಿಟ್ಟು ಅಲ್ಲಿ ಇಟ್ಟುಕೊಳ್ಳುತ್ತದೆ. ನಮ್ಮ ಫೋಟೋಗಳನ್ನು ನಾವು ಮತ್ತೆ ಮತ್ತೆ ಎಲ್ಲಿ ಓದುತ್ತೇವೆ? ಒಂದು ಸಲ ಆರಿಸುತ್ತೇವೆ, ಒಂದು ಸಲ ತಿದ್ದುತ್ತೇವೆ, ಅಷ್ಟೇ. ಮುಂದಿನ ವಾರ ಬೇರೆ ಮದುವೆ. ಅದು ಕಲಿಯುವಷ್ಟರಲ್ಲಿ ನಮ್ಮ ಕೆಲಸವೇ ಬದಲಾಗಿರುತ್ತದೆ. ಡಿಸ್ಕ್‌ನಲ್ಲಿ ದೋಷ ಏನೂ ಇರಲಿಲ್ಲ. ನಮ್ಮ ಕಸುಬಿಗೆ ಹೊಂದಲಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ರಾ ಫೈಲಿನಿಂದ ಪ್ರಿವ್ಯೂ (ಪರದೆ ಮೇಲೆ ನೋಡುವ ಪ್ರತಿ) ಕಟ್ಟುವಾಗ ಎಸ್‌ಎಸ್‌ಡಿಗೂ ಹಾರ್ಡ್ ಡಿಸ್ಕಿಗೂ ನನಗೆ ಸಿಕ್ಕ ವ್ಯತ್ಯಾಸ 1,000 ಫೋಟೋಗೆ ಎರಡು ನಿಮಿಷವೂ ಇಲ್ಲ. ಅದು ಪ್ರೊಸೆಸರ್ ಕೆಲಸ. ಕಾರ್ಡಿನಿಂದ ಕಾಪಿ ಮಾಡುವಾಗಲೂ ಅಷ್ಟೇ, ನನ್ನ ಕಾರ್ಡು ಸೆಕೆಂಡಿಗೆ 90 ಎಂಬಿ ಮೀರಿ ಕೊಡುವುದೇ ಇಲ್ಲ. ಹಾಗಾದರೆ ಎಸ್‌ಎಸ್‌ಡಿ ಯಾಕೆ?

ಮೇ ತಿಂಗಳ ಒಂದು ಮಧ್ಯಾಹ್ನ ನೆನಪಿಸಿಕೊಳ್ಳಿ. ಒಂದು ಕಡೆ ನಿನ್ನೆಯ ಕಾರ್ಡು ಕಾಪಿ ಆಗುತ್ತಿದೆ. ಇನ್ನೊಂದು ಕಡೆ ಹೋದ ವಾರದ ಆಲ್ಬಂ ಎಕ್ಸ್‌ಪೋರ್ಟ್ ಆಗುತ್ತಿದೆ. ಎದುರಿಗೆ ಮದುಮಗಳ ಸೋದರಮಾವ ಕೂತು “ಮುಂದಿಂದ ತೋರಸ್ರಿ, ಮುಂದಿಂದ” ಅನ್ನುತ್ತಿದ್ದಾರೆ. ಹಾರ್ಡ್ ಡಿಸ್ಕಿನ ಒಳಗಿಂದ ಕರ್ ಕರ್ ಸದ್ದು. ಪರದೆ ಮೇಲೆ ಫೋಟೋ ಮಸುಕಾಗಿ ನಿಂತಿದೆ. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿನ ತಟ್ಟೆ ಒಂದು ಸುತ್ತು ಬರಲು 8 ಮಿಲಿಸೆಕೆಂಡ್ ಬೇಕು. ಓದುವ ಮುಳ್ಳು (ಹೆಡ್) ಅತ್ತ ಇತ್ತ ಓಡುವ ಹೊತ್ತು ಬೇರೆ. ಒಂದೇ ಕೆಲಸಕ್ಕೆ 150-160 ಎಂಬಿ ಕೊಡುವ ಡಿಸ್ಕು, ಮೂರು ಕೆಲಸ ಒಟ್ಟಿಗೆ ಬಿದ್ದರೆ 25-30ಕ್ಕೆ ಕುಸಿಯುತ್ತದೆ. ಹೈಬ್ರಿಡ್ ಒಳಗಿರುವುದೂ ಅದೇ ತಟ್ಟೆ, ಅದೇ ಮುಳ್ಳು. ಎಸ್‌ಎಸ್‌ಡಿಯಲ್ಲಿ ಓಡಾಡಲು ಮುಳ್ಳೇ ಇಲ್ಲ. ಹೊಸ ಮಷೀನ್‌ನಲ್ಲಿ ಮೂರೂ ಕೆಲಸ ಹಚ್ಚಿ ಗಿರಾಕಿಗೆ ಫೋಟೋ ತೋರಿಸಿದ ಮೊದಲ ದಿನ ನನ್ನ ಹೆಂಡತಿ ಕೌಂಟರ್‌ನಿಂದ ಎದ್ದು ಬಂದು ನೋಡಿದಳು. ಎರಡು ತಾಸು ಹಿಡಿಯುತ್ತಿದ್ದ ಫೋಟೋ ಆಯ್ಕೆ ಮುಕ್ಕಾಲು ತಾಸಿನಲ್ಲಿ ಮುಗಿಯಿತು. ಗಿರಾಕಿ ಬೇಸರಪಡದೇ ಕೂತರೆ ಆಲ್ಬಂಗೆ ನಾಲ್ಕು ಹಾಳೆ ಜಾಸ್ತಿ ಹಾಕಿಸುತ್ತಾರೆ. ಡಿಸ್ಕಿನ ದುಡ್ಡು ವಾಪಸ್ ಬಂದದ್ದು ಅಲ್ಲಿಂದಲೇ.

ದುಡ್ಡಿನ ವಿಷಯ. ಆಗ 2 ಟಿಬಿ ಹೈಬ್ರಿಡ್‌ಗೆ ಏಳೂವರೆ ಸಾವಿರದ ಆಸುಪಾಸು ಹೇಳಿದ್ದರು. ನನ್ನ ಎಸ್‌ಎಸ್‌ಡಿಗೆ ಸುಮಾರು 6,500, ಸಾದಾ ಡಿಸ್ಕಿಗೆ 4,300. ಅಂದರೆ ಮೂರು ಸಾವಿರ ಚಿಲ್ಲರೆ ಜಾಸ್ತಿ. ಡಬ್ಬ ಎಲ್ಲಾ ಸೇರಿ 62,000ಕ್ಕೆ ಮುಗಿಯಿತು. ಯಾವ ತಿಂಗಳು, ಯಾರ ಹತ್ತಿರ ಕೊಂಡರೆ ಎಸ್‌ಎಸ್‌ಡಿ ಅಗ್ಗ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಎದುರು ಅಂಗಡಿಯವರೂ ಓದುತ್ತಾರೆ.

ಈಗ ಕಳೆದುಕೊಂಡದ್ದನ್ನೂ ಹೇಳಬೇಕಲ್ವಾ. ಈ ಡೆಸ್ಕ್‌ಟಾಪ್‌ಗಿಂತ ಏಳೆಂಟು ತಿಂಗಳು ಮುಂಚೆ ಅಗ್ಗ ಅಂತ ಒಂದು 480 ಜಿಬಿ ಸಾಟಾ (ಕೇಬಲ್‌ನಿಂದ ಜೋಡಿಸುವ) ಎಸ್‌ಎಸ್‌ಡಿ ತಂದಿದ್ದೆ. ಕ್ಯೂಎಲ್‌ಸಿ (ಒಂದು ಕೋಶಕ್ಕೆ ನಾಲ್ಕು ಬಿಟ್ ತುರುಕುವ ಅಗ್ಗದ ಚಿಪ್), ಡಿರ‍್ಯಾಮ್ ಅನ್ನುವ ಲೆಕ್ಕ ಇಡುವ ಮೆಮೊರಿ ಇಲ್ಲದ್ದು. ಮೊದಲ 35-40 ಜಿಬಿ ಗಾಳಿಯಂತೆ ಹೋಯಿತು. ಆಮೇಲೆ 60-70 ಎಂಬಿಗೆ ಬಿತ್ತು. ಸಾದಾ ಹಾರ್ಡ್ ಡಿಸ್ಕಿಗಿಂತ ನಿಧಾನ! ಪ್ಯಾಕಿಂಗ್ ಮೇಲೆ ಬರೆದ 500 ಎಂಬಿ ವೇಗ ಒಳಗಿನ ಕ್ಯಾಶ್ (ತಾತ್ಕಾಲಿಕ ವೇಗದ ಜಾಗ) ತುಂಬುವ ತನಕ ಮಾತ್ರ. 3,800 ರೂಪಾಯಿ ಹೋಯಿತು. ಎಸ್‌ಎಸ್‌ಡಿ ಬೇಡ ಅಂದವರಲ್ಲಿ ಅರ್ಧ ಜನ ಇಂಥದ್ದನ್ನೇ ಕೊಂಡು ಬೇಸತ್ತವರು ಅಂತ ನನ್ನ ಅಂದಾಜು. ಟಿಎಲ್‌ಸಿ (ಕೋಶಕ್ಕೆ ಮೂರು ಬಿಟ್) ಇರಲಿ, ಡಿರ‍್ಯಾಮ್ ಇರಲಿ, ಆಮೇಲೆ ಬ್ರ್ಯಾಂಡ್ ನೋಡಿ.

ಎರಡನೇ ಪೆಟ್ಟು ಜೋಡಿಸುವಾಗ. ಬೋರ್ಡಿನ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಕೂರಿಸಿದ ಮೇಲೆ ಹೊಸ ಹಾರ್ಡ್ ಡಿಸ್ಕ್ ಕಾಣಲಿಲ್ಲ. ಕೇಬಲ್ ಬದಲಿಸಿದೆ, ಡಿಸ್ಕ್ ಬಿಚ್ಚಿ ಅಂಗಡಿಗೆ ಒಯ್ದೆ. ಅಲ್ಲಿ ಸರಿಯಾಗಿಯೇ ಓಡಿತು. ಅರ್ಧ ದಿನ ಹಾಳು, ಮೇಲೆ ಚೆಕಿಂಗ್ ಅಂತ 300 ರೂಪಾಯಿ. ಮನೆಗೆ ಬಂದು ಬೋರ್ಡಿನ ಪುಸ್ತಕ ಓದಿದರೆ, ಎಂ.2 ತುಂಬಿದಾಗ ಎರಡು ಸಾಟಾ ಪೋರ್ಟು ಬಂದ್ ಆಗುತ್ತವೆ ಅಂತ ಸಣ್ಣಕ್ಷರದಲ್ಲಿ ಇತ್ತು. ವೈರ್ ಪಕ್ಕದ ಪೋರ್ಟಿಗೆ ಹಾಕಿದೆ, ಮುಗಿಯಿತು.

ಮೂರನೆಯದು ಈಗಲೂ ಹೊಟ್ಟೆ ಉರಿಸುತ್ತದೆ. ನನ್ನ ಪದ್ಧತಿ ಇಷ್ಟು: ಆ ವಾರದ ಕೆಲಸ, ಲೈಟ್‌ರೂಮ್ ಕ್ಯಾಟಲಾಗ್ (ಆಯ್ಕೆ, ತಿದ್ದಿದ್ದು ನೆನಪಿಡುವ ಫೈಲು), ಪ್ರಿವ್ಯೂ, ಫೋಟೋಶಾಪ್ ಸ್ಕ್ರ್ಯಾಚ್ (ತಾತ್ಕಾಲಿಕ ಜಾಗ) ಎಲ್ಲಾ ಎಸ್‌ಎಸ್‌ಡಿ ಮೇಲೆ. ರಾತ್ರಿ ಹತ್ತಕ್ಕೆ ಒಂದು ಸ್ಕ್ರಿಪ್ಟ್ ರಾ ಫೈಲುಗಳನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತದೆ. ಮೊದಲ ಸ್ಕ್ರಿಪ್ಟಿನಲ್ಲಿ ರೋಬೋಕಾಪಿಗೆ (ವಿಂಡೋಸ್‌ನ ಕಾಪಿ ಆಜ್ಞೆ) ಮಿರರ್ ಆಯ್ಕೆ, ಅಂದರೆ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುವಂಥದ್ದು, ಕೊಟ್ಟಿದ್ದೆ. ಒಂದು ಕುಬಸದ (ಸೀಮಂತದ) ಕೆಲಸ ಮುಗಿಯಿತು ಅಂತ ಜಾಗಕ್ಕಾಗಿ ಎಸ್‌ಎಸ್‌ಡಿಯಿಂದ ಅಳಿಸಿದೆ. ರಾತ್ರಿ ಸ್ಕ್ರಿಪ್ಟ್ ಹಾರ್ಡ್ ಡಿಸ್ಕಿನಿಂದಲೂ ನೀಟಾಗಿ ಅಳಿಸಿತು. ಕಾರ್ಡು ಆಗಲೇ ಬೇರೆ ಕೆಲಸಕ್ಕೆ ಹೋಗಿತ್ತು. ಅಳಿಸಿದ ಫೈಲು ಹುಡುಕುವ ರಿಕುವಾ ಹಚ್ಚಿ ಎರಡು ರಾತ್ರಿ ಕೂತೆ. 340ರಲ್ಲಿ 300ರ ತನಕ ಹಾರ್ಡ್ ಡಿಸ್ಕಿನಿಂದ ವಾಪಸ್ ಸಿಕ್ಕವು. ಎಸ್‌ಎಸ್‌ಡಿಯಿಂದ ಒಂದೂ ಸಿಗಲಿಲ್ಲ. ಅಳಿಸಿದ ಕೂಡಲೇ ವಿಂಡೋಸ್‌ನ ಟ್ರಿಮ್ ಆಜ್ಞೆ ಆ ಜಾಗ ಖಾಲಿ ಅಂತ ಡಿಸ್ಕಿಗೆ ಹೇಳಿಬಿಡುತ್ತದೆ, ಅದು ಒರೆಸಿ ಹಾಕುತ್ತದೆ. ಉಳಿದ ನಲವತ್ತಕ್ಕೆ ಅವರ ಮನೆಗೆ ಹೋಗಿ ಕೈಮುಗಿದು ಒಂದು ದೊಡ್ಡ ಫ್ರೇಮ್ ಉಚಿತವಾಗಿ ಕೊಟ್ಟು ಬಂದೆ. ಆ ತಾಯಿ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. ಈಗ ಸ್ಕ್ರಿಪ್ಟಿನಲ್ಲಿ ಬರೀ ಕಾಪಿ ಇದೆ, ಅಳಿಸುವುದು ನನ್ನ ಕೈಯಿಂದ. ಅಳಿಸುವ ಮುಂಚೆ ಎರಡೂ ಕಡೆ ತಾಳೆ ನೋಡುವ ಮೂರು ಸಾಲು ಸೇರಿಸಿದ್ದೇನೆ. ಆ ಮೂರು ಸಾಲು ನಮ್ಮ ಅಂಗಡಿಯ ಆಸ್ತಿ, ಕೇಳಬೇಡಿ.

ಕರೆಂಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕ್ಯಾಟಲಾಗ್ ತೆರೆದಿದ್ದಾಗ ಒಂದು ಸಲ ಹೋಯಿತು, ಕ್ಯಾಟಲಾಗ್ ಕೆಟ್ಟಿತು, ನಾಲ್ಕು ದಿನದ ಆಯ್ಕೆ ಹೋಯಿತು. ಮರುದಿನವೇ 2,400 ಕೊಟ್ಟು ಯುಪಿಎಸ್ ತಂದೆ. ಯಾವ ಡಿಸ್ಕ್ ಹಾಕಿದರೂ ಇದು ಬೇಕು.

ಇನ್ನು ಬಿಸಿಲು. ಎಲ್ಲರೂ ಹೆದರಿಸಿದ್ದು ಇದನ್ನೇ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ತಗಡಿನ ಕೆಳಗಿನ ಅಂಗಡಿಯಲ್ಲಿ ಕೇಳುವುದೇ ಬೇಡ. ಆದರೆ ನಮ್ಮಂಥವರು ಕೊಳ್ಳುವ ಎಸ್‌ಎಸ್‌ಡಿಗಳಿಗೆ ಸಾಮಾನ್ಯವಾಗಿ 70 ಡಿಗ್ರಿ ತನಕ ಕೆಲಸದ ಮಿತಿ ಬರೆದಿರುತ್ತಾರೆ, ಹಾರ್ಡ್ ಡಿಸ್ಕಿಗೆ 60. ಹಾಗಿದ್ದರೆ ಬಿಸಿಲಿಗೆ ಮೊದಲು ಹೆದರಬೇಕಾದದ್ದು ಯಾವುದು? ನನ್ನ ಎಂ.2 ಗ್ರಾಫಿಕ್ಸ್ ಕಾರ್ಡಿನ ಕೆಳಗಿತ್ತು. ದೊಡ್ಡ ಎಕ್ಸ್‌ಪೋರ್ಟ್ ಹೊತ್ತಿಗೆ ಡಿಸ್ಕಿನ ಬಿಸಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 74 ಕಂಡೆ, ವೇಗ ತಾನೇ ತಗ್ಗಿತ್ತು. 250 ರೂಪಾಯಿಯ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದೆ, 61-62ಕ್ಕೆ ಇಳಿಯಿತು. ಆಮೇಲೆ ಸುಮ್ನೆ ಒಂದು ಪ್ರಯೋಗ. ಡಬ್ಬವನ್ನು ಪ್ಲೈವುಡ್ ಮೇಜಿನ ಗೂಡಿನಿಂದ ತೆಗೆದು ನೆಲದ ಶಹಾಬಾದ್ ಕಲ್ಲಿನ ಮೇಲೆ, ಎರಡು ಬದಿ ಗಾಳಿ ಆಡುವಂತೆ ಇಟ್ಟೆ. ಹಾರ್ಡ್ ಡಿಸ್ಕ್ 49ರಿಂದ 45ಕ್ಕೆ ಬಂತು. ಕಲ್ಲಿನ ತಂಪೋ ಗಾಳಿಯ ಗುಣವೋ ಬೇರೆ ಮಾಡಿ ಅಳೆದಿಲ್ಲ. ಧೂಳು ಮಾತ್ರ ಜಾಸ್ತಿ ಆಯ್ತು, ಹದಿನೈದು ದಿನಕ್ಕೊಮ್ಮೆ ಬ್ಲೋವರ್ ಹೊಡೆಯಬೇಕು.

ಇನ್ನೊಂದು ಪ್ರಯೋಗ ಮನೆಯಲ್ಲೇ ಹೈಬ್ರಿಡ್ ಮಾಡುವುದು. ಬಿದ್ದಿದ್ದ 60 ಜಿಬಿ ಎಸ್‌ಎಸ್‌ಡಿಯನ್ನು ಪ್ರೈಮೋಕ್ಯಾಶ್ ಅನ್ನುವ ಸಾಫ್ಟ್‌ವೇರ್ ಹಾಕಿ ಹಾರ್ಡ್ ಡಿಸ್ಕಿಗೆ ಕ್ಯಾಶ್ ಮಾಡಿದೆ. 8 ಜಿಬಿಗಿಂತ ಎಷ್ಟೋ ವಾಸಿ, ಹಳೇ ಆಲ್ಬಂ ಎರಡನೇ ಸಲ ತೆರೆದರೆ ಚೆನ್ನಾಗಿಯೇ ಓಡಿತು. ಹೊಸ ಮದುವೆಗೆ ಮತ್ತೆ ಅದೇ ಕಥೆ. ಹತ್ತು ದಿನಕ್ಕೆ ತೆಗೆದೆ.

ಲಗ್ನಪತ್ರಿಕೆಯ ಮಷೀನ್ ಬೇರೆ ಇದೆ. ನುಡಿ, ಕೋರಲ್‌ಡ್ರಾ, ದಿನಾ ಅವೇ ಎರಡು ತೆರೆಯುತ್ತವೆ, ಫೈಲೂ ಸಣ್ಣವು. ನಿಜವಾಗಿ ಹೈಬ್ರಿಡ್ ಹೊಂದುವ ಜಾಗ ಅದು. ಆದರೆ 240 ಜಿಬಿ ಸಾಟಾ ಎಸ್‌ಎಸ್‌ಡಿ 2,300ಕ್ಕೆ ಸಿಗುತ್ತಿದ್ದಾಗ ಅಲ್ಲೂ ಹೈಬ್ರಿಡ್ ಹಾಕಲಿಲ್ಲ. ಎಂಟು ವರ್ಷದ ಹಳೇ ಐ3 ಅದು, ಈಗ 20 ಸೆಕೆಂಡಿಗೆ ಏಳುತ್ತದೆ.

ಕೊನೆಗೆ ‘ವರ್ಷದಾಗ ಸಾಯ್ತದ’ ಅಂದವರ ಲೆಕ್ಕ. ನನ್ನ ಎಸ್‌ಎಸ್‌ಡಿಗೆ ಕಂಪನಿ ಕೊಟ್ಟ ಬರೆಯುವ ಮಿತಿ 300 ಟೆರಾಬೈಟ್. ವರ್ಷಕ್ಕೆ ನಲವತ್ತೈದು ಮದುವೆ, 2020ರಲ್ಲಿ ಬಹುತೇಕ ಖಾಲಿ ಕೂತದ್ದು, ಎಲ್ಲಾ ಸೇರಿ ಈ ತನಕ ಬರೆದದ್ದು 60-65 ಟೆರಾಬೈಟ್. ಆರೋಗ್ಯ ಶೇಕಡಾ 80ರ ಹತ್ತಿರ ತೋರಿಸುತ್ತಿದೆ. ಯಾವಾಗಲೂ 70-80 ಜಿಬಿ ಖಾಲಿ ಬಿಡುತ್ತೇನೆ, ಅದರಿಂದಲೂ ಅನುಕೂಲ ಆಗಿದೆ. ಈ ನಡುವೆ ಮೊದಲು ಭರ್ತಿ ಆದದ್ದು ಹಾರ್ಡ್ ಡಿಸ್ಕು. ಮುಂದಿನ ಸೀಸನ್‌ಗೆ ಮುಂಚೆ 4 ಟಿಬಿಯದು ತರಬೇಕು. ಎಸ್‌ಎಸ್‌ಡಿ ಬದಲಿಸುವ ಯೋಚನೆ ಸದ್ಯಕ್ಕಿಲ್ಲ.