ಸಾಕಮ್ಮ, ಜಾಸ್ತಿ ನೀರು ಬೇಡ

ಕಳೆದ ವರ್ಷ ಒಂದು ಪ್ರೇಮಕಥೆ ಬರೆದೆ. ಹೀರೊ ಭಾರತ ತಂಡದ ಫಾಸ್ಟ್ ಬೌಲರ್. ಹೀರೊಯಿನ್ ಅವನ ಮಗಳನ್ನು ನೋಡಿಕೊಳ್ಳೋಕೆ ಬರುವ ಹುಡುಗಿ. ಅವಳ ಹತ್ತಿರ ಒಂದು ಗುಟ್ಟಿದೆ. ಇಷ್ಟು ಮೊದಲ ದಿನವೇ ಹೊಳೆದಿತ್ತು. ಗುಟ್ಟು ಏನು ಅನ್ನೋದು ಮಾತ್ರ ನನಗೂ ಗೊತ್ತಿರಲಿಲ್ಲ.

ಬರೆಯೋಕೆ ಕೂತಾಗ ಮೊದಲು ಸಿಕ್ಕಿಹಾಕಿಕೊಂಡಿದ್ದು ಬೇರೆ ಕಡೆ. ಕ್ರಿಕೆಟಿಗ ಮನೇಲೇ ಇರಲ್ಲ! ರಣಜಿ ಲೀಗ್ ಪಂದ್ಯ ಅಂದ್ರೆ 4 ದಿನ, ಟೆಸ್ಟ್ ಅಂದ್ರೆ 5. ಆಮೇಲೆ ಇನ್ನೊಂದು ಊರು, ಇನ್ನೊಂದು ಹೋಟೆಲ್. ಪ್ರೀತಿ ಆಗೋದು ಯಾವಾಗ? ಮೂರು ಅಧ್ಯಾಯ ವಿಡಿಯೊ ಕಾಲ್‌ನಲ್ಲೇ ಓಡಿಸಿದೆ. ಉಪ್ಪಿಲ್ಲದ ಸಾರಿನ ಹಾಗಿತ್ತು. ಕೊನೆಗೆ ಅವನ ಬೆನ್ನಿಗೇ ಕೈ ಹಾಕಿದೆ. ವೇಗದ ಬೌಲರ್‌ಗಳಿಗೆ ಸೊಂಟದ ಹತ್ತಿರ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಬಿಡುತ್ತೆ, ಸ್ಟ್ರೆಸ್ ಫ್ರಾಕ್ಚರ್. ಬಲಗೈ ಬೌಲರ್‌ಗೆ ಹೆಚ್ಚಾಗಿ ಎಡಗಡೆ. ತಿಂಗಳುಗಟ್ಟಲೆ ಬೌಲಿಂಗ್ ಇಲ್ಲ. ಅವನೂ ಮನೇಲಿ ಕೂತ, 3 ವರ್ಷದ ಮಗಳನ್ನು ಎತ್ತಿಕೊಳ್ಳೋಕೂ ಆಗದ ಹಾಗಾದ. ಆಯಾ ಬೇಕೇ ಬೇಕು ಅನ್ನೋದಕ್ಕೆ ಕಾರಣವೂ ಸಿಕ್ತು.

ಇಂಥ ಕಥೆಗಳಲ್ಲಿ ಮಗುವಿನ ತಾಯಿ ಸತ್ತಿರ್ತಾಳೆ. ನಾನೂ ಮೊದಲ ಪುಟದಲ್ಲೇ ಸಾಯಿಸಿದ್ದೆ. ಆಮೇಲೆ ನಾಚಿಕೆಯಾಗಿ ಡಿವೋರ್ಸ್ ಕೊಡಿಸಿ ಪುಣೆಗೆ ಕೆಲಸಕ್ಕೆ ಕಳಿಸಿದೆ.

ಮನೆ ಮಲ್ಲೇಶ್ವರದಲ್ಲಿ, ಹೀರೊ ಚಿಕಿತ್ಸೆಗೆ ದಿನಾ ಚಿನ್ನಸ್ವಾಮಿ ಸ್ಟೇಡಿಯಂ ಪಕ್ಕದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಹೋಗ್ತಾನೆ ಅಂತ ಬರೆದಿದ್ದೆ. ಚಿಕ್ಕಮ್ಮನ ಮಗನಿಗೆ ಕ್ರಿಕೆಟ್ ಹುಚ್ಚು. ಓದಿ ನಕ್ಕುಬಿಟ್ಟ. "ಅಕ್ಕಾ, ಅದು 2024ರಲ್ಲೇ ದೇವನಹಳ್ಳಿ ಕಡೆ ಹೋಯ್ತು. ದಿನಾ ಮಲ್ಲೇಶ್ವರದಿಂದ ಹೊರಟ್ರೆ ನಿನ್ನ ಹೀರೊ ಹೆಬ್ಬಾಳ ಫ್ಲೈಓವರ್ ಮೇಲೇ ಮುದುಕ ಆಗ್ತಾನೆ." ಮನೆಯನ್ನು ಯಲಹಂಕದ ಅಪಾರ್ಟ್‌ಮೆಂಟ್‌ಗೆ ಎತ್ತಂಗಡಿ ಮಾಡಿದೆ.

ಅದು ಒಳ್ಳೇದೇ ಆಯ್ತು. ಅಪಾರ್ಟ್‌ಮೆಂಟ್ ಅಂದಮೇಲೆ ಗೇಟಿನಲ್ಲಿ ಹೆಸರು ಬರೆಸಬೇಕು, ಆಧಾರ್ ಕೊಡಬೇಕು, ಕೆಲಸದವರ ಲಿಫ್ಟೇ ಬೇರೆ. ಹಾಗಾಗಿ ಸುಳ್ಳು ಹೆಸರಿನ ಗುಟ್ಟು ಇಲ್ಲಿ ನಡೆಯಲ್ಲ. ಗುಟ್ಟು ಅವಳ ನಿಜವಾದ ಹೆಸರಿನ ಜೊತೆಗೇ ಒಳಗೆ ಬರಬೇಕು.

ನಮ್ಮ ಬಿಲ್ಡಿಂಗ್‌ನಲ್ಲಿ ಮಗು ನೋಡಿಕೊಳ್ಳೋ ಒಬ್ಬರ ಜೊತೆ ಪಾರ್ಕ್ ಬೆಂಚ್ ಮೇಲೆ ಕೂತು ಮಾತಾಡಿದೆ. ಸಂಬಳ, ರಜೆ ಎಲ್ಲ ಕೇಳಿದೆ. ಹೊರಡುವಾಗ ಅವರು ಅಂದ್ರು: "ಪಾಪು ಮೊದಲ ಹೆಜ್ಜೆ ಇಟ್ಟಿದ್ದು ನನ್ನ ಮುಂದೆ ಮೇಡಂ. ನಾನು ಹೇಳ್ಲೇ ಇಲ್ಲ. ಸಂಜೆ ಅವರಮ್ಮನ ಮುಂದೆ ನಡೀತು. ಅದೇ ಮೊದಲು ಅಂದ್ಕೊಂಡು ಅತ್ತುಬಿಟ್ರು, ಪಾಪ." ಆ ಮಾತು ಹಾಗೇ ಕಥೆಗೆ ಹೋಯ್ತು. ನನ್ನ ಹುಡುಗಿ ಗುಟ್ಟು ಇಟ್ಟುಕೊಳ್ಳೋದು ಹೇಗೆ ಅಂತ ಅವತ್ತು ಗೊತ್ತಾಯ್ತು. ಸುಳ್ಳು ಹೇಳಲ್ಲ, ಸುಮ್ನೆ ಇರ್ತಾಳೆ.

ಇನ್ನು ಗುಟ್ಟು. ಒಂದು ಬೆಳಗ್ಗೆ ಕಂಠೀರವ ಸ್ಟೇಡಿಯಂ ಟ್ರ್ಯಾಕ್‌ನಲ್ಲಿ ಓಡೋ ಹುಡುಗಿಯರನ್ನು ನೋಡ್ತಾ ನಿಂತಿದ್ದೆ. ಇವಳೂ ಓಟಗಾರ್ತಿ ಆಗಿದ್ರೆ? 400 ಮೀಟರ್. ಯಾರೋ ಕೊಟ್ಟ ಪುಡಿ ಕುಡಿದು ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದು 4 ವರ್ಷ ನಿಷೇಧ. ಗೊತ್ತಿಲ್ಲದೆ ಕುಡಿದೆ ಅಂದ್ರೆ ಸಾಕಾಗಲ್ಲ. ಮೈಯಲ್ಲಿ ಏನು ಸಿಕ್ಕಿದ್ರೂ ಅದಕ್ಕೆ ಆಟಗಾರರೇ ಜವಾಬ್ದಾರಿ ಅನ್ನೋದು ನಿಯಮ.

ಗುಟ್ಟು ಒಡೆಯೋ ಬಾಗಿಲೂ ಅಲ್ಲೇ ಇತ್ತು. 2019ರಿಂದ ನಮ್ಮ ಕ್ರಿಕೆಟಿಗರೂ ನಾಡಾ, ಅಂದ್ರೆ ಡೋಪ್ ಟೆಸ್ಟ್ ಮಾಡೋ ರಾಷ್ಟ್ರೀಯ ಸಂಸ್ಥೆಯ ವ್ಯಾಪ್ತಿಗೆ ಬಂದಿದ್ದಾರೆ. ಅವರ ಟೆಸ್ಟ್ ಪಟ್ಟಿಯಲ್ಲಿರುವ ಆಟಗಾರರು ದಿನಕ್ಕೆ 60 ನಿಮಿಷ ಎಲ್ಲಿ ಸಿಗ್ತೀನಿ ಅಂತ ಮುಂಚೆಯೇ ತಿಳಿಸಬೇಕು. 12 ತಿಂಗಳಲ್ಲಿ 3 ಸಲ ತಪ್ಪಿದ್ರೆ ಅದೇ ಒಂದು ಕೇಸ್. ಅಂದ್ರೆ ಮಾದರಿ ತಗೊಳ್ಳೋರು ಬೆಳಗ್ಗೆ 6ಕ್ಕೆ ಮನೆ ಬೆಲ್ ಒತ್ತಬಹುದು. ಬಾಗಿಲು ತೆಗೆಯೋದು ಯಾರು? ಇವಳೇ ಅಲ್ವಾ!

ಆ ದೃಶ್ಯವನ್ನು ಐದು ಸಲ ಬರೆದೆ. ಮೂತ್ರ ಕನಿಷ್ಠ 90 ಮಿಲಿ ಬೇಕು, ಹೀರೊಗೆ ಬರ್ತಿಲ್ಲ. ಮೊದಲು ಅವನೇ ಗಟಗಟ ನೀರು ಕುಡೀತಾನೆ, ಅವಳು ತಡೀತಾಳೆ ಅಂತ ಬರೆದೆ. ಸುಳ್ಳು ಅನ್ನಿಸ್ತು. ಹತ್ತಾರು ಸಲ ಟೆಸ್ಟ್ ಕೊಟ್ಟವನಿಗೆ ಅಷ್ಟು ಗೊತ್ತಿರಲ್ವಾ? ಹಾಗಾಗಿ ಅವನ ಅಮ್ಮನನ್ನು ತಂದೆ. ಅವರು ಚೊಂಬು ಹಿಡ್ಕೊಂಡು "ಕುಡಿಯೋ, ಇನ್ನೊಂದ್ ಲೋಟ ಕುಡಿ" ಅಂತ ಹಿಂದೆ ಬಿದ್ದಿದ್ದಾರೆ. ಮಗುಗೆ ತುಪ್ಪ ಅನ್ನ ಕಲಸ್ತಾ ಅಡುಗೆಮನೆಯಿಂದ ಇವಳು ತಲೆ ಎತ್ತದೆ ಅಂತಾಳೆ: "ಸಾಕಮ್ಮ, ಜಾಸ್ತಿ ನೀರು ಬೇಡ. ತೆಳು ಆದ್ರೆ ಮತ್ತೆ ಕೊಡ್ಬೇಕಾಗುತ್ತೆ."

ಅಮ್ಮನಿಗೆ ಏನೂ ಅನ್ನಿಸಲ್ಲ. ಅವನು ಮಾತ್ರ ತಿರುಗಿ ನೋಡ್ತಾನೆ. ಅವಳ ಕೈ ತಟ್ಟೆಯಲ್ಲೇ ನಿಂತುಹೋಗಿರುತ್ತೆ.

ಆಮೇಲೆ ನನಗೇ ಭಯ ಆಯ್ತು. ನಿಷೇಧ ಇರೋಳನ್ನು ಮನೇಲಿ ಇಟ್ಟುಕೊಂಡ್ರೆ ಅವನಿಗೂ ತೊಂದರೆಯಾ? ಅರ್ಧ ದಿನ ಕೂತು ನಿಯಮ ಓದಿದೆ. ನಿಷೇಧದಲ್ಲಿರೋ ಕೋಚ್, ಡಾಕ್ಟರ್ ಥರದವರ ಜೊತೆ ಆಟದ ಕೆಲಸ ಮಾಡಬಾರದು. ಮಗುಗೆ ಅನ್ನ ತಿನ್ನಿಸೋಳಿಗೆ ಅದು ಅನ್ವಯಿಸಲ್ಲ. ಆದ್ರೆ ಪೇಪರ್‌ನವರಿಗೆ ಈ ವ್ಯತ್ಯಾಸ ಬೇಕಾ? ಅದಕ್ಕೇ ಅವಳು ಕೆಲಸ ಬಿಡ್ತಾಳೆ.

ನನಗೂ ಅದೇ ಬೇಕಿತ್ತು. ತಿಂಗಳ ಸಂಬಳ ಕೊಡೋನು ಪ್ರೀತಿ ಹೇಳಿಕೊಂಡ್ರೆ ಹುಡುಗಿ ಇಲ್ಲ ಅನ್ನೋದು ಹೇಗೆ? ಕೆಲಸ ಬಿಡೋ ತನಕ ಒಬ್ಬರ ಕೈ ಒಬ್ಬರು ಮುಟ್ಟೋದೂ ಬೇಡ ಅಂತ ನಿರ್ಧರಿಸಿದ್ದೆ. ಮೊದಲು ಓದಿದ ಗೆಳತಿ ಬೈದಳು, ಬೈಯಲಿ. ಅಲ್ಲಿವರೆಗೆ ಅವಳಿಗೆ ಅವನು "ಸರ್", ಅವನಿಗೆ ಅವಳು "ನೀವು". ಆ "ನೀವು" ಯಾವಾಗ ಬೀಳುತ್ತೆ ಅನ್ನೋದೇ ನನ್ನ ಅರ್ಧ ಪ್ರೇಮಕಥೆ.

ಅದು ಬಿದ್ದಿದ್ದು ಕೊನೇ ಪುಟದಲ್ಲಿ. ನಿಷೇಧ ಮುಗಿದಿದೆ, ಅವಳು ಮತ್ತೆ ಓಡ್ತಿದ್ದಾಳೆ, ಮದುವೆಯೂ ಆಗಿದೆ. ಬೆಳಗ್ಗೆ 6ಕ್ಕೆ ಬೆಲ್ ಹೊಡೆಯುತ್ತೆ. ಮಗು ಮಧ್ಯದಲ್ಲಿ ಮಲಗಿದೆ. ಅವಳು ಕಣ್ಣು ಬಿಡದೆ ಕೇಳ್ತಾಳೆ: "ನಿಂಗೋ, ನಂಗೋ?"