ಫೈಬರ್ ಬೇಕೋ, ಏರ್‌ಫೈಬರ್ ಸಾಕೋ: ಅರ್ಜಿ ಕೊಡುವ ಮೊದಲು ಅಂಗಳದಲ್ಲೇ ಮಾಡಬೇಕಾದ ಪರೀಕ್ಷೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಮನೆಗಳಲ್ಲಿ ಇಂಟರ್‌ನೆಟ್ ಸಂಪರ್ಕದ ಮಾತು ಬಂದಾಗಲೆಲ್ಲ ವೇಗ ಎಷ್ಟು, ತಿಂಗಳಿಗೆ ದುಡ್ಡು ಎಷ್ಟು ಎಂಬ ಎರಡು ಪ್ರಶ್ನೆಗಳೇ ಮೊದಲು ಏಳುತ್ತವೆ. ಆದರೆ ರಸ್ತೆಯಿಂದ ಇಳಿದು, ತೋಡು ದಾಟಿ, ಅಡಕೆ ತೋಟದ ನಡುವೆ ಇನ್ನೂರು ಮುನ್ನೂರು ಮೀಟರ್ ನಡೆದ ಮೇಲೆ ಅಂಗಳ ಸಿಗುವ ನಮ್ಮ ಕಡೆಯ ಮನೆಗಳವರು ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆ ಕೊನೆಯ ಮುನ್ನೂರು ಮೀಟರನ್ನು ಸಂಪರ್ಕ ಹೇಗೆ ದಾಟುತ್ತದೆ, ಕೆಟ್ಟಾಗ ಸರಿಪಡಿಸಲು ಯಾರು ಬರುತ್ತಾರೆ?

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳೋಣ. ಫೈಬರ್ ಎಂದರೆ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆ ನಿಮ್ಮ ಮನೆಯ ಗೋಡೆಯವರೆಗೂ ಬಂದು, ಬೆಳಕಿನ ಮೂಲಕ ಮಾಹಿತಿ ತರುವ ವ್ಯವಸ್ಥೆ. ಏರ್‌ಫೈಬರ್ ಎಂದು ಜಾಹೀರಾತಿನಲ್ಲಿ ಕಾಣುವುದರ ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಗಾಜಿನ ಎಳೆ ಬರುವುದಿಲ್ಲ. ಮಾಡಿನ ಮೇಲೆ ಕೂರಿಸಿದ ಪೆಟ್ಟಿಗೆಯೊಂದು ಮೊಬೈಲ್ ಟವರಿನ 5ಜಿ ಸಿಗ್ನಲ್ ಹಿಡಿದು ಒಳಗಿನ ವೈಫೈಗೆ ಕೊಡುತ್ತದೆ. ಸಿಮ್ ಹಾಕುವ ಚಿಕ್ಕ ರೌಟರ್ ಅದರ ಬಡ ತಮ್ಮ.

ಆದ್ದರಿಂದ ಮೊದಲ ಹೆಜ್ಜೆ ಸಿಗ್ನಲ್ ಅಳೆಯುವುದು. ಫೋನಿನ ತಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬಬಾರದು, ಅವುಗಳ ಲೆಕ್ಕ ಫೋನಿನಿಂದ ಫೋನಿಗೆ ಬೇರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಸಿಮ್ ಸ್ಟೇಟಸ್’ ನೋಡಿದರೆ ಸಿಗ್ನಲಿನ ಬಲ ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಚಿಹ್ನೆಯೊಂದಿಗೆ ಸಿಗುತ್ತದೆ. ಮೈನಸ್ 85ರ ಆಸುಪಾಸಿದ್ದರೆ ಒಳ್ಳೆಯದು, ಮೈನಸ್ 100 ಆದರೆ ಹೇಗೋ ನಡೆಯುತ್ತದೆ, ಮೈನಸ್ 110ಕ್ಕಿಂತ ಕೆಳಗಿಳಿದರೆ ಆ ಕಂಪನಿಯ ವೈರ್‌ಲೆಸ್ ಸಂಪರ್ಕದ ಆಸೆ ಬಿಡುವುದು ಲೇಸು. ಈ ಅಂಕಿಯನ್ನು ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಅಂಗಳದಲ್ಲಿ, ಸಾಧ್ಯವಾದರೆ ಟೆರೇಸಿನಲ್ಲಿ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಒಳಗೆ ಮೈನಸ್ 112 ಇದ್ದದ್ದು ಟೆರೇಸಿನಲ್ಲಿ ಮೈನಸ್ 95ಕ್ಕೆ ಏರಿದರೆ, ಹೊರಗೆ ಕೂರಿಸುವ ಪೆಟ್ಟಿಗೆಯಿಂದ ಉಪಯೋಗವಿದೆ, ಒಳಗಿಡುವ ರೌಟರಿನಿಂದ ಇಲ್ಲ ಎಂದು ತಿಳಿಯಬಹುದು.

ಬಲ ಅಳೆದರೆ ಸಾಲದು, ವೇಗವನ್ನೂ ಅಳೆಯಬೇಕು; ಅದೂ ರಾತ್ರಿ ಎಂಟರಿಂದ ಹತ್ತರ ನಡುವೆ, ಕನಿಷ್ಠ ಮೂರು ದಿನ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನವರೆಲ್ಲರೂ ಹಂಚಿಕೊಳ್ಳುವುದರಿಂದ ಬೆಳಗ್ಗೆ 80 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ತೋರಿಸಿದ ಫೋನು ಊಟದ ಹೊತ್ತಿಗೆ 6 ತೋರಿಸುವುದುಂಟು. ಇನ್ನೊಂದು ವಿಷಯ ನಮ್ಮ ತೋಟಗಳಿಗೇ ಸಂಬಂಧಿಸಿದ್ದು. ಮಳೆಹನಿಗಿಂತ ಒದ್ದೆ ಎಲೆಗಳು ಸಿಗ್ನಲನ್ನು ಹೆಚ್ಚು ನುಂಗುತ್ತವೆ, ಮತ್ತು ತರಂಗದ ಆವರ್ತನ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. 700 ಮೆಗಾಹರ್ಟ್ಸಿನ ಸಿಗ್ನಲ್ ಕಂಗಿನ, ಅಂದರೆ ಅಡಕೆ ಮರದ, ತಲೆಗಳ ನಡುವೆ ನುಸುಳಿ ಬರಬಹುದು, 3500 ಮೆಗಾಹರ್ಟ್ಸಿನದು ಸೊರಗುತ್ತದೆ, 26 ಗಿಗಾಹರ್ಟ್ಸಿನದಕ್ಕಂತೂ ಟವರು ಕಣ್ಣಿಗೆ ಕಾಣುವಂತಿರಬೇಕು. ಮಾರ್ಚ್ ತಿಂಗಳಿನಲ್ಲಿ ಮಾಡಿದ ಪರೀಕ್ಷೆಯನ್ನು ಜುಲೈಗೂ ಅನ್ವಯಿಸಬೇಡಿ ಎನ್ನುವುದು ಇದೇ ಕಾರಣಕ್ಕೆ.

ಎರಡನೆಯ ಹೆಜ್ಜೆ ಕಾಲ್ನಡಿಗೆಯದು. ನಿಮ್ಮ ಮನೆಗೆ ಅತಿ ಹತ್ತಿರದ ವಿದ್ಯುತ್ ಕಂಬದವರೆಗೆ ನಡೆದು ಅದರ ಮೇಲೆ ಫೈಬರ್ ಕೇಬಲು, ಕಪ್ಪು ಡಬ್ಬಿ ಇವೆಯೇ ಎಂದು ನೋಡಿ, ಅಲ್ಲಿಂದ ಮನೆಗೆ ಎಷ್ಟು ಮೀಟರ್ ಎಂದು ಹೆಜ್ಜೆ ಎಣಿಸಿ. ಕೇರಳ ಸರ್ಕಾರದ ಕೆ-ಫೋನ್ ಎಂಬ ಫೈಬರ್ ಇಂಟರ್‌ನೆಟ್ ಜಾಲ 2023ರ ಜೂನ್ 5ರಂದು ಉದ್ಘಾಟನೆಯಾಯಿತು. ಅದರ ಕೇಬಲುಗಳು ಕೆ.ಎಸ್.ಇ.ಬಿ. (ಕೇರಳ ವಿದ್ಯುತ್ ಮಂಡಳಿ) ಕಂಬಗಳ ಮೇಲೆಯೇ ಸಾಗುತ್ತವೆ. ಬಿ.ಎಸ್.ಎನ್.ಎಲ್. ಇದೆ, ಖಾಸಗಿ ಕಂಪನಿಗಳಿವೆ, ಪೇಟೆಯ ಕೇಬಲ್ ಟಿವಿಯವರೂ ಇದ್ದಾರೆ. ಗಡಿಯ ಊರಿನವರಿಗೆ ಇಲ್ಲೊಂದು ತೊಡಕು ಉಂಟು. ಇಂಟರ್‌ನೆಟ್ ಕೊಡುವವರ ಪರವಾನಗಿಯಲ್ಲಿ ಇಡೀ ದೇಶಕ್ಕೆ, ಒಂದು ಟೆಲಿಕಾಂ ವೃತ್ತಕ್ಕೆ (ಸುಮಾರಾಗಿ ಒಂದು ರಾಜ್ಯಕ್ಕೆ), ಅದಕ್ಕಿಂತ ಚಿಕ್ಕ ಪ್ರದೇಶಕ್ಕೆ ಎಂದು ದರ್ಜೆಗಳಿವೆ. ಕರ್ನಾಟಕ ವೃತ್ತದ ಪರವಾನಗಿ ಮಾತ್ರ ಇರುವವರ ಕೇಬಲು ಗಡಿಯ ಆ ಬದಿಯ ಪಾಣಾಜೆಯವರೆಗೆ ಬಂದು ನಿಂತಿದ್ದರೆ, ಈ ಬದಿಯ ಸ್ವರ್ಗ ಎಂಬ ಊರಿನಲ್ಲಿರುವ ನಿಮಗೆ ಅದು ಕೂಗಳತೆಯಲ್ಲಿದ್ದರೂ ಎಳೆದು ಕೊಡುವ ಅಧಿಕಾರ ಅವರಿಗಿಲ್ಲ.

ಕಂಬದಿಂದ ಮನೆಗೆ ಬರುವ ತೆಳು ಕೇಬಲನ್ನು ಹೇಗೆ ಎಳೆಯುತ್ತಾರೆಂಬುದನ್ನು ಕಂಪನಿಯ ಹುಡುಗನ ಜೊತೆ ನಿಂತು ನೋಡಬೇಕು. ನಮ್ಮ ಮನೆಗೆ ಮೊದಲ ಸಲ ಸಂಪರ್ಕ ಕೊಟ್ಟವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ್ದರು: ಕಂಗಿನಿಂದ ಕಂಗಿಗೆ, ಕಂಗಿನಿಂದ ತೆಂಗಿಗೆ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ರಾತ್ರಿ ತೆಂಗಿನ ಮಡಲು ಬಿದ್ದು ಕೇಬಲು ಕಡಿಯಿತು, ಬೆಳಕು ತಲುಪುತ್ತಿಲ್ಲವೆಂದು ಸೂಚಿಸುವ ಮೋಡೆಮಿನ ‘ಲಾಸ್’ ದೀಪ ಕೆಂಪಾಗಿ ಮಿನುಗತೊಡಗಿತು, ದುರಸ್ತಿಗೆ ಜನ ಬಂದಾಗ ಒಂಬತ್ತು ದಿನ ಕಳೆದಿತ್ತು. ಎರಡನೆಯ ಸಲ ನಾವೇ ಕಾಲುದಾರಿಯ ಅಂಚಿನಲ್ಲಿ ಒಂದಡಿ ಆಳದ ಚಾಲು ತೋಡಿ ನೀರಿನ ಪೈಪು ಹೂತು, ಅದರೊಳಗೆ ಕೇಬಲು ತೂರಿಸಿದೆವು. ಪೈಪಿನ ಖರ್ಚು ನಮ್ಮದೇ ಆಯಿತು. ಆಮೇಲೆ ಅಳಿಲಿನ ಕಾಟವೂ ಇಲ್ಲ, ಮಡಲಿನ ಭಯವೂ ಇಲ್ಲ. ಕೆಲಸ ಮುಗಿದ ಮೇಲೆ ಮೋಡೆಮಿಗೆ ತಲುಪುವ ಬೆಳಕಿನ ಬಲವನ್ನು ಅಳೆದು ತೋರಿಸಲು ಹೇಳಿ. ಅದು ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ನೆಮ್ಮದಿ, ಮೈನಸ್ 27ರ ಬಳಿಯಿದ್ದರೆ ಎಲ್ಲೋ ಜೋಡಣೆ ಸಡಿಲವಾಗಿದೆ ಅಥವಾ ಕೇಬಲು ಮಡಚಿಕೊಂಡಿದೆ.

ಎಷ್ಟು ವೇಗ ಬೇಕು ಎಂಬ ಲೆಕ್ಕ ಜಾಹೀರಾತು ಹೆದರಿಸುವಷ್ಟು ದೊಡ್ಡದಲ್ಲ. ಸ್ಪಷ್ಟವಾದ ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್, ಟಿವಿಯಲ್ಲಿ 4ಕೆ ನೋಡುವುದಾದರೆ 25 ಸಾಕು. ನಾಲ್ಕು ಜನರ ಮನೆಗೆ 40 ಎಂಬಿಪಿಎಸ್‌ನಲ್ಲಿ ಕೊರತೆಯಾಗದು.

ಮೂರನೆಯ ಹೆಜ್ಜೆ ಕರೆಂಟು ಮತ್ತು ಸಿಡಿಲಿನದು. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಫೈಬರಿನ ಮೋಡೆಮು ಮನೆಯ ಕರೆಂಟು ಹೋದ ಕ್ಷಣವೇ ಆರುತ್ತದೆ, ಅದರ ಮೇಲಿನ ಲ್ಯಾಂಡ್‌ಲೈನ್ ಕೂಡ. ಮೋಡೆಮಿಗೆಂದೇ ಸಿಗುವ ಚಿಕ್ಕ 12 ವೋಲ್ಟಿನ ಯುಪಿಎಸ್ ಕೆಲವು ಗಂಟೆ ನಡೆಸುತ್ತದೆ. ಇನ್ನು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲು. ಗಾಜಿನಲ್ಲಿ ವಿದ್ಯುತ್ ಹರಿಯದು ಎಂಬುದು ನಿಜ, ಆದರೆ ಕೆಲವು ಕೇಬಲುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ; ತಂತಿಯಿಲ್ಲದ ಕೇಬಲನ್ನೇ ಕೇಳಿ ಪಡೆಯಿರಿ. ಏರ್‌ಫೈಬರಿನ ಪೆಟ್ಟಿಗೆಯಂತೂ ಮಾಡಿನ ತುದಿಯಲ್ಲಿದ್ದು, ಅದರಿಂದ ತಾಮ್ರದ ಕೇಬಲು ನಡುಮನೆಗೆ ಇಳಿಯುತ್ತದೆ. ಗುಡ್ಡೆಯ ಮೇಲಿನ ಮನೆಯವರು ಇದನ್ನು ಲಘುವಾಗಿ ಎಣಿಸಬಾರದು: ಅರ್ಥಿಂಗ್ ಮಾಡಿಸಬೇಕು, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಬೇಕು.

ಅಂಗಡಿ, ಮುದ್ರಣಾಲಯ, ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರ, ಸಹಕಾರ ಸಂಘದ ಶಾಖೆಗಳ ಅಗತ್ಯ ಬೇರೆ. ಇಲ್ಲಿ ಒಳಗೆ ಬರುವ ವೇಗಕ್ಕಿಂತ ಹೊರಗೆ ಹೋಗುವ ವೇಗ, ಅಂದರೆ ಅಪ್‌ಲೋಡ್, ಮುಖ್ಯವಾಗುತ್ತದೆ. ಮೊಬೈಲ್ ಜಾಲದಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ ಡೌನ್‌ಲೋಡಿನ ಒಂದು ಚಿಕ್ಕ ಪಾಲು. ಫೈಬರಿನ ಹಲವು ಯೋಜನೆಗಳಲ್ಲಿ ಎರಡೂ ಸಮ. ನಾಲ್ಕು ಸಿಸಿಟಿವಿ ಕ್ಯಾಮರಾಗಳನ್ನು ದೂರದಿಂದ ಒಟ್ಟಿಗೆ ನೋಡಲು 10 ಎಂಬಿಪಿಎಸ್‌ನಷ್ಟು ಅಪ್‌ಲೋಡ್ ಬೇಕಾದೀತು. ಹೊರಗಿನಿಂದ ನೇರವಾಗಿ ಅಂಗಡಿಯ ಕಂಪ್ಯೂಟರಿಗೆ ಬರಬೇಕಾದವರು ಸ್ಟಾಟಿಕ್ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ಟಿನಲ್ಲಿ ಬದಲಾಗದ ಸ್ವಂತ ವಿಳಾಸ, ಕೇಳಬೇಕು. ಮೊಬೈಲ್ ಜಾಲದಲ್ಲಿ ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದರಿಂದ ಅದು ಸುಲಭವಲ್ಲ. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರುವಂತೆ ಅರ್ಜಿಯ ದಿನವೇ ನೋಡಿಕೊಳ್ಳಿ.

ನನ್ನ ಅಭಿಪ್ರಾಯವನ್ನು ಮರೆಮಾಚುವುದಿಲ್ಲ: ಫೈಬರ್ ಅಂಗಳದವರೆಗೆ ಬರುವುದಾದರೆ, ದುರಸ್ತಿಯವನು ಬೈಕಿನಲ್ಲಿ ಒಂದು ಗಂಟೆಯಲ್ಲಿ ತಲುಪುವ ದೂರದಲ್ಲಿದ್ದರೆ, ಅದನ್ನೇ ಹಾಕಿಸಿ. ದುರಸ್ತಿಯವನೇ ಇಲ್ಲದ ಫೈಬರಿಗಿಂತ ಮೈನಸ್ 90ರ 5ಜಿ ಮೇಲು. ವ್ಯಾಪಾರದವರು ಫೈಬರ್ ಕಂಪನಿಯದಲ್ಲದ ಬೇರೆ ಕಂಪನಿಯ ಸಿಮ್ ಒಂದನ್ನು ಎರಡನೆಯ ದಾರಿಯಾಗಿ ಇಟ್ಟುಕೊಳ್ಳಲಿ. ಯಾವುದನ್ನೇ ಆರಿಸಿದರೂ ಆರು ತಿಂಗಳು, ವರ್ಷ ಎಂದು ಮುಂಗಡ ಕಟ್ಟಬೇಡಿ, ಮೊದಲ ಮಳೆಗಾಲ ದಾಟುವ ತನಕ ತಿಂಗಳ ಲೆಕ್ಕದಲ್ಲೇ ಇರಲಿ. ಸಂಪರ್ಕ ಸಿಕ್ಕ ದಿನ ಗ್ರಾಹಕ ಸಂಖ್ಯೆ, ದುರಸ್ತಿಯವನ ಫೋನ್ ನಂಬರು, ಕೇಬಲು ಬಂದ ಕಂಬದ ಮೇಲೆ ಬಣ್ಣದಲ್ಲಿ ಬರೆದಿರುವ ಸಂಖ್ಯೆ, ಈ ಮೂರನ್ನೂ ಕಾಗದದಲ್ಲಿ ಬರೆದು ಮೋಡೆಮಿನ ಬೆನ್ನಿಗೆ ಅಂಟಿಸಿಡಿ. ದೂರು ಹೇಳುವಾಗ ‘ದೊಡ್ಡ ಹಲಸಿನ ಮರದ ಹತ್ತಿರದ ಕಂಬ’ ಎಂದರೆ ಫೋನಿನ ಆ ಬದಿಯವರಿಗೆ ತಿಳಿಯುವುದಿಲ್ಲ.